ಎಂಟರ್ ಕೆಟ್ಟ ವಾರ

ಹೋದ ವಾರ ನಾನು ಪತ್ರಿಕೆಗೆ ಕಳಿಸಿದ ಅಂಕಣ ಒಂದೇ ಪ್ಯಾರಾದಲ್ಲಿತ್ತು. ಮೊದಲ ಪದದಿಂದ ಕಟ್ಟಕಡೆಯ ಪದದವರೆಗೆ ಎಲ್ಲೂ ಸಾಲು ಮುರಿದಿರಲಿಲ್ಲ. ಓದುವವರು ಉಸಿರು ತಗೊಳ್ಳೋದಾದರೂ ಎಲ್ಲಿ?

ಡೆಸ್ಕಿನಿಂದ ಫೋನ್ ಬಂತು. ಉಪಸಂಪಾದಕರು ಬಹಳ ಮರ್ಯಾದೆಯಿಂದಲೇ ಕೇಳಿದರು, ಇದೇನು ಸರ್ ಹೊಸ ಪ್ರಯೋಗವಾ ಅಂತ. ಹೌದು, ಪ್ರಯೋಗವೇ ಅಂದೆ. (ಬರೆಯುವವರಿಗೆ ಇದೊಂದು ಅನುಕೂಲ. ಏನು ಕೆಟ್ಟರೂ ಪ್ರಯೋಗ ಅಂದುಬಿಡಬಹುದು.) ಪಾಪ, ಅವರೇ ಕೂತು ಅಲ್ಲಲ್ಲಿ ಕತ್ತರಿಸಿ ಪ್ಯಾರಾ ಮಾಡಿ ಹಾಕಿದರು. ನೀವೂ ಓದಿದಿರಿ. ಯಾರಿಗೂ ಗೊತ್ತಾಗಲಿಲ್ಲ.

ನಿಜ ಸಂಗತಿ ಇಷ್ಟೇ. ನನ್ನ ಲ್ಯಾಪ್‌ಟಾಪಿನ ಎಂಟರ್ ಬಟನ್ ಕೆಟ್ಟಿತ್ತು. ಅದಾಗಿಯೇ ಕೆಡಲಿಲ್ಲ. ರಿಪೇರಿ ಮಾಡುತ್ತೇನೆ ಅಂತ ಕೂತು ನಾನೇ ಕೆಡಿಸಿದೆ.

ಶುರುವಾದದ್ದು ಚಾದಿಂದ. ಸಂಜೆ ಕಾಲೇಜಿನಿಂದ ಬಂದವನು ಚಾ ಮಾಡಿಕೊಂಡು ಟೇಬಲ್ಲಿನ ಮುಂದೆ ಕೂತೆ. ಎರಡು ಕಪ್ ಇದ್ದವು. ಮನೆಯಲ್ಲಿ ಇರೋದು ನಾನೊಬ್ಬನೇ. ಆದರೆ ಕೈ ತಾನಾಗಿ ಎರಡು ಕಪ್ ನೀರು ಇಟ್ಟುಬಿಡುತ್ತದೆ. ಚೆಲ್ಲೋದ್ಯಾಕೆ ಅಂತ ಎರಡನ್ನೂ ನಾನೇ ಕುಡಿಯುತ್ತೇನೆ. ಅವತ್ತು ಮೊದಲನೆಯದನ್ನು ನಾನು ಕುಡಿದೆ. ಎರಡನೆಯದು ಮೊಣಕೈಗೆ ತಾಗಿತು, ಲ್ಯಾಪ್‌ಟಾಪ್ ಕುಡಿಯಿತು.

ಹೊಸ ಓದುಗರಿಗಾಗಿ ನನ್ನ ಸಂಸಾರದ ವಿಷಯ ಎರಡು ಮಾತು. ನಾನು ಸಿಂಧನೂರಿನವನು, ಇಲ್ಲೇ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೆಂಡತಿ ಶಶಿಕಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ಎರಡು ವರ್ಷದ ಹಿಂದೆ ಬಡ್ತಿ ಸಿಕ್ಕು ಹೆಡ್‌ಮಿಸ್ ಆದಳು. ಬಡ್ತಿಯ ಜೊತೆಗೆ ಊರೂ ಬದಲಾಯಿತು. ಲಿಂಗಸುಗೂರಿನಿಂದ ಆಚೆಗೆ ಒಂದು ಹಳ್ಳಿ. ದಿನಾ ಹೋಗಿಬರುವ ದಾರಿಯಲ್ಲ. ಮಸ್ಕಿ ದಾಟಿ, ಲಿಂಗಸುಗೂರು ಮುಟ್ಟಿ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿಯಬೇಕು. ಹೀಗಾಗಿ ಲಿಂಗಸುಗೂರಿನಲ್ಲೇ ಒಂದು ಖೋಲಿ ಹಿಡಿದಿದ್ದಾಳೆ. ಶನಿವಾರ ಮಧ್ಯಾಹ್ನ ಬರುತ್ತಾಳೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಾಳೆ. ಮಗಳು ರಾಯಚೂರಿನ ಹಾಸ್ಟೆಲಿನಲ್ಲಿದ್ದಾಳೆ.

ದೂರ ದೇಶವೇನಲ್ಲ, ಲಿಂಗಸುಗೂರು. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಇಷ್ಟು ದೂರಕ್ಕೆಲ್ಲ ಯಾರಾದರೂ ವಿರಹ ಅಂತಾರಾ? ಐವತ್ತು ದಾಟಿದವನು ಅಂದರೆ ಜನ ನಗುವುದಿಲ್ಲವಾ? ಅದಕ್ಕೇ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವಳ ಮುಂದೆ ಕೂಡ.

ಇರಲಿ. ಚಾ ಚೆಲ್ಲಿತಲ್ಲ, ಕೂಡಲೇ ಲ್ಯಾಪ್‌ಟಾಪನ್ನು ಬೋರಲು ಹಾಕಿ ಎದುರು ಮನೆಯ ಬಸಣ್ಣನವರನ್ನು ಕೂಗಿದೆ. ಬಸಣ್ಣನವರಿಗೆ ಹೊಲ, ಟ್ರ್ಯಾಕ್ಟರ್, ರಾಜಕೀಯ ಎಲ್ಲದರಲ್ಲೂ ಅಭಿಪ್ರಾಯ ಇದೆ. ಬಂದು ನೋಡಿ ಒಂದೇ ಮಾತು ಹೇಳಿದರು: "ಅಕ್ಕಿಯಾಗ ಇಡ್ರಿ ಸರ್."

ಇದು ನಮ್ಮೂರಿನ ರಾಮಬಾಣ. ಕಾಲುವೆಯ ನೀರು ಕಂಡ ತಾಲೂಕು ನಮ್ಮದು, ಅಕ್ಕಿಗೇನು ಕಡಿಮೆ? ಮೊಬೈಲು ನೀರಿಗೆ ಬಿತ್ತಾ? ಅಕ್ಕಿಯಲ್ಲಿಡಿ. ವಾಚು ತೊಯ್ಯಿತಾ? ಅಕ್ಕಿಯಲ್ಲಿಡಿ. ಬೇರೆ ಊರವರಾದರೆ ಒಂದು ಡಬ್ಬಿಯಷ್ಟು ಅಕ್ಕಿ ಬಳಸುತ್ತಾರೇನೋ. ನಮ್ಮದು ದೊಡ್ಡ ಕೈ. ಮುಕ್ಕುಂದದಲ್ಲಿರುವ ನಮ್ಮ ಭಾವ ಕಳಿಸಿದ ಹೊಸ ಅಕ್ಕಿಯ ಚೀಲ ಅಡುಗೆಮನೆಯಲ್ಲಿತ್ತು. ಬಸಣ್ಣನವರು ಚೀಲದ ಬಾಯಿ ಬಿಚ್ಚಿದರು. ನಾನು ಲ್ಯಾಪ್‌ಟಾಪನ್ನು ಬಾಯಿ ತೆರೆದಂತೆಯೇ ಒಳಗೆ ಇಳಿಸಿದೆ. ಮೇಲೆ ಬೊಗಸೆ ಬೊಗಸೆ ಅಕ್ಕಿ ಸುರಿದು ಪೂರ್ತಿ ಹೂತುಬಿಟ್ಟೆವು.

ಒಂದು ಸಣ್ಣ ವಿಷಯ ಇಬ್ಬರಿಗೂ ಹೊಳೆಯಲಿಲ್ಲ. ಅದು ಅಂಗಡಿಯ ಪಾಲಿಶ್ ಅಕ್ಕಿಯಲ್ಲ, ಹಳ್ಳಿಯ ಗಿರಣಿಯಿಂದ ಸೀದಾ ಬಂದದ್ದು. ಅದರಲ್ಲಿ ತೌಡಿನ ಧೂಳಿತ್ತು, ನುಚ್ಚಿತ್ತು. ಕೆಳಗೆ ಸಕ್ಕರೆ ಚಾ, ಮೇಲೆ ತೌಡು. ಏನಾಗಬೇಕೋ ಅದೇ ಆಯಿತು.

ಎರಡು ದಿನ ಬಿಟ್ಟು ತೆಗೆದು ಒರೆಸಿ ಚಾಲೂ ಮಾಡಿದರೆ ಲ್ಯಾಪ್‌ಟಾಪ್ ಜೀವ ಹಿಡಿಯಿತು. ಬಸಣ್ಣನವರು ಮೀಸೆ ತಿರುವಿದರು. ಅಕ್ಷರಗಳೆಲ್ಲ ಸರಿಯಾಗಿ ಬಂದವು. ಎಂಟರ್ ಒಂದು ಮಾತ್ರ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು, ಬೇಕೆನಿಸಿದಾಗ ನಿಧಾನಕ್ಕೆ ಮೇಲೆ ಬರುತ್ತಿತ್ತು. ಹತ್ತು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ಅಲ್ಲಾಡಿಸಿದರೆ ಅಡಿಯಲ್ಲಿ ಏನೋ ಚೂರು ಕರಕರ ಅನ್ನುತ್ತಿತ್ತು.

ರಿಪೇರಿ ಅಂಗಡಿಗೆ ಒಯ್ದೆ. ಒಂದೇ ಬಟನ್ ಸಿಗುವುದಿಲ್ಲ, ಇಡೀ ಕೀಬೋರ್ಡ್ ಹೊರಗಿನಿಂದ ತರಿಸಿ ಹಾಕಬೇಕು, ದಿನ ಹಿಡಿಯುತ್ತದೆ ಅಂದರು. ಒಂದು ನುಚ್ಚಿನ ಸಲುವಾಗಿ ಇಡೀ ಕೀಬೋರ್ಡಾ? ವಾಪಸ್ ತಂದೆ. ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನ ಮಾಡಿದೆ.

ಇಲ್ಲಿ ಶಶಿಕಲಾಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ರಿಪೇರಿ ಅಂದರೆ ಅವಳು. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಗ್ಯಾಸಿನ ಬರ್ನರ್, ಸೋರುವ ನಲ್ಲಿ, ಎಲ್ಲದಕ್ಕೂ ಅವಳೇ. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುವವನು. (ಟಾರ್ಚನ್ನೂ ಸರಿಯಾಗಿ ಹಿಡಿಯುವುದಿಲ್ಲ ಅಂತ ಬೈಸಿಕೊಳ್ಳುವವನು.) ಅವಳ ಸ್ಕ್ರೂಡ್ರೈವರ್, ಪಕ್ಕಡ, ಟೆಸ್ಟರ್ ಎಲ್ಲ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿರುತ್ತಿದ್ದವು. ಆ ಡಬ್ಬಿಯೂ ಅವಳ ಜೊತೆ ಲಿಂಗಸುಗೂರಿಗೆ ಹೋಗಿದೆ. ಮನೆಯಲ್ಲಿ ಉಳಿದದ್ದು ಟಾರ್ಚು ಮತ್ತು ನಾನು.

ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡೆ. ಅದರಲ್ಲಿ ಒಬ್ಬ ಉಗುರಿನಿಂದ ಮೆಲ್ಲಗೆ ಎತ್ತಿದ, ಬಟನ್ ಟಕ್ ಅಂತ ಬಂತು. ನಾನು ಹೇರ್‌ಪಿನ್ ಹಾಕಿ ಮೀಟಿದೆ. ನನ್ನದೂ ಟಕ್ ಅಂತ ಬಂತು, ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಕಸಬರಿಗೆ ಹಾಕಿ ಎಳೆದೆ. ಬಟನ್ನಿನ ಜೊತೆ ಕಳೆದುಹೋಗಿದ್ದ ಒಂದು ಚಮಚವೂ ಸಿಕ್ಕಿತು.

ಬಟನ್ನಿನ ಅಡಿ ಏನಿರುತ್ತದೆ ಗೊತ್ತಾ? ಇಷ್ಟು ವರ್ಷ ಒತ್ತಿದ್ದೇನೆ, ನನಗೂ ಗೊತ್ತಿರಲಿಲ್ಲ. ಮಡಚುವ ಎರಡು ಸಣ್ಣ ಪ್ಲಾಸ್ಟಿಕ್ ಚೌಕಟ್ಟು. ನಟ್ಟನಡುವೆ ಒಂದು ರಬ್ಬರ್ ಟೊಪ್ಪಿಗೆ. ಎಂಟರ್ ಉದ್ದನೆಯ ಬಟನ್ ಆದ್ದರಿಂದ ಅದು ಒಂದೇ ಕಡೆ ವಾಲದಂತೆ ಒಂದು ತೆಳ್ಳನೆಯ ಕಬ್ಬಿಣದ ತಂತಿ. ರಬ್ಬರಿನ ಪಕ್ಕದಲ್ಲೇ ಆರಾಮಾಗಿ ಕೂತಿತ್ತು, ಮುಕ್ಕುಂದದ ಒಂದು ನುಚ್ಚು. ಅದನ್ನು ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಬಟನ್ ಇಟ್ಟು ಜೋರಾಗಿ ಒತ್ತಿದೆ.

ಏನೋ ಚಟ್ ಅಂದಿತು. ಮೊದಲು ಹತ್ತಕ್ಕೆ ಒಂದು ಸಲವಾದರೂ ಕೇಳುತ್ತಿದ್ದ ಬಟನ್ ಈಗ ಒಂದು ಸಲವೂ ಕೇಳದಾಯಿತು. ಬಲಗಡೆ ತಗ್ಗು, ಎಡಗಡೆ ದಿಬ್ಬ. ಅದೇ ಸ್ಥಿತಿಯಲ್ಲಿ ಹೋದ ವಾರದ ಅಂಕಣ ಬರೆದೆ.

ಅವತ್ತು ಸಂಜೆ ಶಶಿಕಲಾಳಿಗೆ ಫೋನ್ ಹಚ್ಚಿದೆ. ಹತ್ತನೇ ಕ್ಲಾಸಿನವರಿಗೆ ವಿಶೇಷ ತರಗತಿ ಅಂತ ಅವಳು ಎರಡು ಶನಿವಾರ ಮನೆಗೆ ಬರುವಂತಿರಲಿಲ್ಲ. ನಮ್ಮ ದಿನನಿತ್ಯದ ಫೋನಿನ ಸಂಭಾಷಣೆ ನೀವು ಕೇಳಬೇಕು. ಊಟ ಆತಾ? ಆತು. ನಿಮ್ಮದು? ನಮ್ಮದೂ ಆತು. ನೀರು ಬಂದಿತ್ತಾ? ಬಂದಿತ್ತು. ಇಡ್ಲೇನು? ಇಡು. ಮುಗಿಯಿತು. ಇಪ್ಪತ್ತೈದು ವರ್ಷದ ಸಂಸಾರ ಆದ ಮೇಲೆ ಫೋನಿನಲ್ಲಿ ಇನ್ನೇನು ಮಾತಾಡುತ್ತಾರೆ? ನಿಮ್ಮ ಮನೆಯಲ್ಲಿ ಬೇರೆ ನಡೆಯುತ್ತದಾ?

ಆದರೆ ಬಟನ್ ಕೆಟ್ಟ ಮೇಲೆ ಫೋನು ಉದ್ದವಾದವು. ಅವಳಿಗೆ ರಿಪೇರಿ ಅಂದರೆ ಎಲ್ಲಿಲ್ಲದ ಹುರುಪು. ತಂತಿ ಎಷ್ಟು ಉದ್ದ ಐತಿ, ಎರಡೂ ಕಡೆ ಕೊಕ್ಕಿ ಕಾಣತಾವೇನು, ಫೋಟೋ ತಗದು ಕಳಸ್ರಿ, ಇದಲ್ಲ, ಅಡ್ಡ ಹಿಡದು ತಗೀರಿ. ನಾನು ಫೋಟೋ ಕಳಿಸಿದೆ. ಅವಳು ಬೈದಳು. ಮತ್ತೆ ಕಳಿಸಿದೆ. ನಾಳೆ ನೋಡೋಣ ಅಂದಳು. ಮರುದಿನ ಮತ್ತೆ ಫೋನು.

ನಿಜ ಹೇಳಲಾ? ಅಷ್ಟು ಖುಷಿಯಾಗಿ ನಾನು ಇದ್ದು ಎಷ್ಟು ದಿನವಾಗಿತ್ತೋ ಏನೋ. ಬಟನ್ ಜಲ್ದಿ ಸರಿಯಾಗುವುದು ಬೇಡ ಅನ್ನಿಸತೊಡಗಿತು. ಕೊಕ್ಕಿ ಕಾಣುತ್ತಿದ್ದರೂ ಕಾಣುವುದಿಲ್ಲ ಅಂದೆ. ಚಷ್ಮಾ ಹಾಕ್ಕೊಳ್ರಿ ಅಂದಳು. ಹಾಕಿಕೊಂಡೇ ಕೂತಿದ್ದೆ.

ಇದೇ ಫೋನುಗಳ ನಡುವೆ ಒಂದು ದಿನ ಅವಳು ಬೇರೆಯೇ ವಿಷಯ ಎತ್ತಿದಳು. ಬಳಗಾನೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರ ಜಾಗ ಖಾಲಿಯಾಗಿದೆಯಂತೆ. ಬಳಗಾನೂರು ಅಂದರೆ ನಮ್ಮ ಮನೆಯಿಂದಲೇ ದಿನಾ ಹೋಗಿಬರಬಹುದು. ಬೇಕಾದವರು ಶುಕ್ರವಾರದೊಳಗೆ ಒಪ್ಪಿಗೆ ಹೇಳಬೇಕಂತೆ. ಏನು ಮಾಡಲಿ ಅಂತ ಕೇಳಿದಳು.

ನಿನ್ನ ಇಷ್ಟ, ಅಂದೆ.

ಅವಳು ಮತ್ತೆ ಕೇಳಿದಳು, ನೀವು ಏನಂತೀರಿ ಅಂತ. ನಾನು ಮತ್ತೆ ಅದನ್ನೇ ಅಂದೆ. ಆತು ಅಂದಳು. ಇಟ್ಟಳು.

ಯಾಕೆ ಹಾಗೆ ಅಂದೆ? ಕಾರಣ ಇತ್ತು. ಶನಿವಾರ ಬಂದಾಗಲೆಲ್ಲ ಅವಳು ಮಾತಾಡುವುದು ಆ ಹಳ್ಳಿಯ ಸ್ಕೂಲಿನ ಬಗ್ಗೆ. ಅಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಲ್ಯಾಬ್ ಒಂದಿತ್ತು. ಅವಳು ಹೋದ ಮೇಲೆ ಬೀಗ ತೆಗೆಸಿದಳು, ಜೇಡರ ಬಲೆ ಹೊಡೆಸಿದಳು, ಒಡೆದ ಮೈಕ್ರೋಸ್ಕೋಪನ್ನು ತಾನೇ ಕೂತು ಸರಿ ಮಾಡಿದಳು. ಈರುಳ್ಳಿ ಸಿಪ್ಪೆಯನ್ನು ಅದರಲ್ಲಿ ನೋಡಿ ಹತ್ತನೇ ಕ್ಲಾಸಿನ ಹುಡುಗಿಯರು ಮನೆಗೆ ಹೋಗಲೊಲ್ಲೆ ಅಂದರಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕು. ಅಂಥವಳಿಗೆ ಬಾ ಅಂದುಬಿಟ್ಟರೆ, ನನ್ನ ಊಟಕ್ಕೆ ತೊಂದರೆಯಾಗಿ ಕರೆದೆ ಅಂತಾಗುವುದಿಲ್ಲವಾ?

ಇದು ನಾನು ನನಗೇ ಹೇಳಿಕೊಂಡ ದೊಡ್ಡ ಕಾರಣ. ಸಣ್ಣ ಕಾರಣ ಇನ್ನೊಂದಿದೆ. ನಮ್ಮ ಕಡೆ ಗಂಡಸರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಶರ್ಟಿನ ಗುಂಡಿ ಹೋಗಿದೆ ಅಂತೀವಿ, ಉಪ್ಪಿನಕಾಯಿ ಮುಗಿದಿದೆ ಅಂತೀವಿ, ಯಾವಾಗ ಬರ್ತೀ ಅಂತೀವಿ. ನೀನು ಬೇಕು ಅನ್ನುವುದಿಲ್ಲ.

ಬುಧವಾರ ಕಾಲೇಜಿನಲ್ಲಿ ನನಗೆ ಮಧ್ಯಾಹ್ನದ ಮೇಲೆ ಪೀರಿಯಡ್ ಇಲ್ಲ. ಮನೆಗೆ ಬಂದು ಬಿಚ್ಚಿ ಕೂತೆ. ಅವಳು ಸ್ಕೂಲಿನ ಮಧ್ಯಾಹ್ನದ ಬಿಡುವಿನಲ್ಲಿ ಫೋನಿನ ಸ್ಪೀಕರ್ ಹಚ್ಚಿಸಿ ನನ್ನ ಕೈಯಿಂದ ಕೆಲಸ ಮಾಡಿಸಿದಳು.

"ಅವಸರ ಮಾಡಬ್ಯಾಡ್ರಿ. ಮೊದಲ ತಂತಿ ಕೊಕ್ಕಿಗೆ ಸಿಗಸ್ರಿ. ಆಮ್ಯಾಲೆ ಮ್ಯಾಲಿಂದ ಸಣ್ಣಗ ಒತ್ರಿ."

ತಂತಿ ಕೂತಿತು. ಬಟನ್ ಸಮ ಆಯಿತು. ಆದರೆ ಒತ್ತಿದರೆ ಸ್ಕ್ರೀನಿನಲ್ಲಿ ಏನೂ ಇಲ್ಲ. ಒಳಗೆ ರಬ್ಬರ್ ಸರಿದಿರಬೇಕು ಅಂದಳು. ನನಗೊಂದು ಮೀಟಿಂಗ್ ಇದೆ, ಅಷ್ಟರೊಳಗೆ ಬಿಚ್ಚಿ ಕೂಡಿಸಿ ನೋಡುತ್ತಿರಿ, ಲ್ಯಾಪ್‌ಟಾಪಿನಿಂದಲೇ ನನಗೆ ವಾಟ್ಸಾಪಿನಲ್ಲಿ ಏನಾದರೂ ಬರೆದು ಎಂಟರ್ ಹೊಡೆಯಿರಿ, ನನಗೆ ಬಂದರೆ ಬಟನ್ ಸರಿಯಾಯಿತು ಅಂತ ಅರ್ಥ ಅಂದಳು. ಫೋನ್ ಇಟ್ಟಳು.

ಬರೆದೆ: ಟೆಸ್ಟ್. ಎಂಟರ್ ಹೊಡೆದೆ. ಹೋಗಲಿಲ್ಲ. ಅದರ ಮುಂದೆಯೇ ಬರೆದೆ: ಒಂದು ಎರಡು ಮೂರು. ಹೋಗಲಿಲ್ಲ. ಊಟ ಆತೇನು? ಹೋಗಲಿಲ್ಲ. ಬಸಣ್ಣನವರು ನಿನ್ನನ್ನು ಕೇಳಿದರು. ಅದೂ ಹೋಗಲಿಲ್ಲ. ಎಲ್ಲ ಮೆಸೇಜ್ ಬರೆಯುವ ಡಬ್ಬಿಯೊಳಗೇ ಸಾಲಾಗಿ ಕೂತವು.

ಹೋಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕೈಗೆ ಧೈರ್ಯ ಬಂತು. ಕೆಟ್ಟ ಬಟನ್ನಿನ ಮುಂದೆ ಮನುಷ್ಯ ಏನು ಬೇಕಾದರೂ ಬರೆಯಬಹುದು, ಅಲ್ಲವಾ? ಬರೆಯುತ್ತಾ ಹೋದೆ. ಒಂದೊಂದು ಮಾತಿಗೂ ಒಮ್ಮೆ ಎಂಟರ್ ಹೊಡೆದು, ಹೋಗಿಲ್ಲ ಅಂತ ನೋಡಿಕೊಂಡು, ಮುಂದಿನದು ಬರೆದೆ.

"ಶಶಿ, ನಿನ್ನ ಇಷ್ಟ ಅಂದ್ನಲ್ಲ, ಅದು ಸುಳ್ಳು. ನನಗ ನೀ ಬೇಕು. ಸೋಮವಾರ ಮುಂಜಾನೆ ನೀ ಹೋದ ಮ್ಯಾಲೆ ಮನ್ಯಾಗ ಸಪ್ಪಳನ ಇರಂಗಿಲ್ಲ. ಒಮ್ಮೊಮ್ಮೆ ಬರೇ ಮಿಕ್ಸರ್ ಹಚ್ಚಿ ಆರಿಸ್ತೀನಿ. ಶನಿವಾರ ಭಾಳ ದೂರ ಐತಿ. ಬಳಗಾನೂರಿಗೆ ಬಾ ಅನ್ನಂಗಿಲ್ಲ, ನಿನ್ನ ಲ್ಯಾಬ್ ನಿನಗ ಜೀವ ಅಂತ ನನಗ ಗೊತ್ತೈತಿ. ನಡುವ ಒಂದ ಬುಧವಾರ ಬಂದು ಮುಖ ತೋರಿಸಿ ಹೋಗು."

ಬರೆದು ಓದಿಕೊಂಡೆ. ಹಗುರಾಯಿತು. ಎದ್ದು ನೀರು ಕುಡಿದು ಬಂದು ಮತ್ತೆ ಬಟನ್ ಬಿಚ್ಚಿದೆ.

ರಬ್ಬರ್ ಸರಿದಿರಲಿಲ್ಲ. ಚಾ ಕುಡಿದು, ಸ್ಪಿರಿಟ್ ತಿಂದು ಅದು ಸ್ವಲ್ಪ ಕುಗ್ಗಿತ್ತು. ಒತ್ತಿದರೆ ತಳ ಮುಟ್ಟುತ್ತಿರಲಿಲ್ಲ. ಅಡಿಗೆ ತೆಳ್ಳನೆಯದೊಂದು ಏನಾದರೂ ಇಟ್ಟು ಎತ್ತರ ಮಾಡಬೇಕು. ಕಾಗದ ಕತ್ತರಿಸಿ ಇಟ್ಟೆ, ಜಾರಿತು. ಟೇಪು ಇಟ್ಟೆ, ಸುರುಳಿ ಸುತ್ತಿಕೊಂಡಿತು. ದುಂಡಗಿರಬೇಕು, ತೆಳ್ಳಗಿರಬೇಕು, ಹಿಂದೆ ಅಂಟಿರಬೇಕು. ಅಂಥದ್ದು ಮನೆಯಲ್ಲಿ ಏನಿದೆ?

ಬಚ್ಚಲಿನ ಕನ್ನಡಿಯ ಮೂಲೆಯಲ್ಲಿ ಅವಳ ಟಿಕಳಿಗಳಿದ್ದವು. ಹಣೆಯಿಂದ ತೆಗೆದು ಮುಖ ತೊಳೆಯುವ ಮುಂಚೆ ಅಲ್ಲಿ ಹಚ್ಚಿಡುತ್ತಾಳೆ. ಮೊದಲೆಲ್ಲ ಗಲೀಜು ಕಾಣುತ್ತದೆ ಅಂತ ನಾನೇ ಕಿತ್ತೆಸೆಯುತ್ತಿದ್ದೆ. ಈ ಎರಡು ವರ್ಷದಲ್ಲಿ ಒಂದನ್ನೂ ಕಿತ್ತಿಲ್ಲ. ಅವತ್ತು ಒಂದು ತೆಗೆಯಲೂ ಮನಸ್ಸು ಹಿಂದೆಮುಂದೆ ನೋಡಿತು. ಎಲ್ಲಕ್ಕಿಂತ ಸಣ್ಣದನ್ನು ಉಗುರಿನಿಂದ ಎತ್ತಿಕೊಂಡು ಬಂದೆ.

ಟಿಕಳಿ ಅಡಿಗೆ ಅಂಟಿತು. ಅದರ ಮೇಲೆ ರಬ್ಬರ್, ಆಮೇಲೆ ತಂತಿಯನ್ನು ಕೊಕ್ಕಿಗೆ ಸಿಕ್ಕಿಸಿ ಬಟನ್. ಮೇಲಿಂದ ಸಣ್ಣಗೆ ಒತ್ತಿದೆ. ಕೂತಿತು. ನೋಡೋಣ ಅಂತ ಎಂಟರ್ ಹೊಡೆದೆ.

ಹೋಯಿತು. ಟೆಸ್ಟ್, ಒಂದು ಎರಡು ಮೂರು, ಬಸಣ್ಣನವರು, ಮಿಕ್ಸರ್, ಬುಧವಾರ, ಎಲ್ಲ ಒಟ್ಟಿಗೆ ಒಂದೇ ಪ್ಯಾರಾದಲ್ಲಿ ಹೋಯಿತು.

ಅಳಿಸಬೇಕು ಅಂತ ಮೌಸ್ ಹಿಡಿದೆ. ಎಲ್ಲಿ ಒತ್ತಬೇಕು ಅಂತ ಹುಡುಕುವಷ್ಟರಲ್ಲಿ ಎರಡು ಟಿಕ್ ಬಂದು ಎರಡೂ ನೀಲಿಯಾದವು. ಮೀಟಿಂಗಿನಲ್ಲಿ ಕೂತ ಹೆಡ್‌ಮಿಸ್ಸು ಫೋನು ನೋಡುವುದಾದರೂ ಯಾಕೆ? ಮಕ್ಕಳಿಗೆ ಮಾತ್ರ ಬುದ್ಧಿ ಹೇಳುವುದಾ?

ಉತ್ತರ ಬರಲಿಲ್ಲ. ಬರೆಯುತ್ತಿದ್ದಾಳೆ ಅಂತ ಒಮ್ಮೆ ತೋರಿಸಿತು, ಆಮೇಲೆ ಅದೂ ನಿಂತಿತು. ನನಗೆ ಹೆದರಿಕೆಯಾಯಿತು. ಸಿಟ್ಟು ಬರುತ್ತದೆ ಅಂತಲ್ಲ. ಬಾ ಅನ್ನಂಗಿಲ್ಲ ಅಂತ ನಾನು ಬರೆದದ್ದನ್ನು ಬಾ ಅಂತಲೇ ಓದಿಕೊಂಡು, ಆ ಲ್ಯಾಬ್ ಬಿಟ್ಟು ಬಳಗಾನೂರಿಗೆ ಒಪ್ಪಿಗೆ ಕೊಟ್ಟುಬಿಟ್ಟರೆ? ಆಮೇಲೆ ಪ್ರತಿದಿನ ಸಂಜೆ ಅವಳ ಮುಖ ಹೇಗೆ ನೋಡಲಿ? ಕೊಡದೇ ಹೋದರೆ? ಅದೂ ಬೇಡವಾಗಿತ್ತು. ಸಂಜೆಯವರೆಗೆ ಮನೆಯೊಳಗೆ ಸುಮ್ಮನೆ ಓಡಾಡಿದೆ.

ದಿನಾ ಬರುವ ಹೊತ್ತಿಗೇ ಫೋನ್ ಬಂತು.

ಬಟನ್ ಬರೋಬ್ಬರಿ ಆತೇನ್ರಿ ಅಂದಳು. ಆತು ಅಂದೆ. ಎಲ್ಲಾ ಓದಿದೆ ಅಂದಳು. ನಾನು ಹ್ಞೂಂ ಅಂದೆ.

"ಬಳಗಾನೂರು ನಾ ಒಲ್ಲೆ ಅಂತ ಹೇಳಿಬಿಟ್ಟೀನ್ರಿ," ಅಂದಳು. "ಈ ಹುಡುಗ್ಯಾರನ್ನ ಅರ್ಧಕ್ಕ ಬಿಟ್ಟು ಹೆಂಗ ಬರ್ಲಿ? ನಾ ಬಂದ್ರ ಆ ಲ್ಯಾಬಿಗೆ ಮತ್ತ ಬೀಗ ಬೀಳತೈತಿ."

ಛಲೋ ಮಾಡಿದಿ ಅಂದೆ. ಮನಸ್ಸಿನಿಂದಲೇ ಅಂದೆ. ಇಡ್ಲೇನು ಅಂತ ಕೇಳುತ್ತಾಳೆ ಅಂತ ಕಾಯುತ್ತಿದ್ದೆ. ಇಡಲಿಲ್ಲ.

"ನಿಮಗ ಬುಧವಾರ ಮಧ್ಯಾಹ್ನದ ಮ್ಯಾಲೆ ಕ್ಲಾಸಿಲ್ಲಲ್ಲ," ಅಂದಳು. "ಸಿಂಧನೂರಿನಿಂದ ಈ ಕಡೆ ಬಸ್ಸು ಬರಂಗಿಲ್ಲೇನು?"

ಓದುಗರೇ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಈ ಎರಡು ವರ್ಷದಲ್ಲಿ ಅದು ನನ್ನ ತಲೆಗೆ ಬಂದಿರಲಿಲ್ಲ. ಸಾಮಾನು ಇಳಿಸಲು ಮೊದಲ ದಿನ ಹೋಗಿದ್ದೆ, ಅಷ್ಟೇ. ಆಮೇಲೆ ಅವಳು ಬರುವುದು, ನಾನು ಕಾಯುವುದು. ಕಾಯುವುದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ಮನೆ ಇರುವುದು ಇಲ್ಲಿ, ಆದ್ದರಿಂದ ಬರಬೇಕಾದವಳು ಅವಳು. ಇದನ್ನು ಯಾರು ತೀರ್ಮಾನ ಮಾಡಿದ್ದು? ನಮ್ಮ ಸ್ಟಾಫ್ ರೂಮಿನಲ್ಲೇ ಹೆಂಡತಿಗೆ ಬೇರೆ ತಾಲೂಕಿನಲ್ಲಿ ನೌಕರಿ ಇರುವ ಇಬ್ಬರಿದ್ದಾರೆ. ಅವರನ್ನು ಕೇಳಿದೆ. ಇಬ್ಬರೂ ನನ್ನ ಹಾಗೆಯೇ ಶನಿವಾರಕ್ಕೆ ಕಾಯುವವರು.

ಈ ಬುಧವಾರ ಹೋದೆ. ಮಧ್ಯಾಹ್ನದ ಬಸ್ಸು ಹತ್ತಿ, ಚೀಲದಲ್ಲಿ ಲ್ಯಾಪ್‌ಟಾಪು, ಸಿಂಧನೂರಿನ ಖಾರ ಮಂಡಾಳ, ಅಂದರೆ ಖಾರದ ಮಂಡಕ್ಕಿ, ಹಿಡಿದುಕೊಂಡು ಹೋದೆ. ಲಿಂಗಸುಗೂರಿನಲ್ಲಿ ಇಳಿದು ಖೋಲಿಯ ದಾರಿ ಮರೆತು ಎರಡು ಸಲ ಕೇಳಿದೆ. ಬಾಗಿಲಲ್ಲಿ ಮನೆ ಮಾಲಕಿ ಅಡ್ಡ ನಿಂತರು. ಯಾರು ನೀವು ಅಂದರು. ಟೀಚರ್ ಯಜಮಾನ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಟೀಚರ್ರಿಗೆ ಮನಿಯವರು ಅದಾರ ಅಂತ ಕೇಳಿದ್ದೆ," ಅಂದರು. "ಇವತ್ತ ನೋಡಿದಂಗಾತು."

(ಇದನ್ನು ಅವರು ತಮಾಷೆಗೆ ಅಂದರೋ ಖರೇ ಅಂದರೋ ನನಗಿನ್ನೂ ತಿಳಿದಿಲ್ಲ.)

ಶಶಿಕಲಾ ಬರುವವರೆಗೆ ಅವರ ಕಟ್ಟೆಯ ಮೇಲೆ ಕೂತೆ. ಸಂಜೆ ಬಸ್ಸಿಳಿದು ಓಣಿಯ ತುದಿಯಲ್ಲಿ ಬರುತ್ತಿದ್ದವಳು ನನ್ನನ್ನು ಕಂಡು ನಿಂತುಬಿಟ್ಟಳು. ಆಮೇಲೆ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಬೇಗಬೇಗ ನಡೆದಳು. ಹತ್ತಿರ ಬಂದು ಬೀಗ ತೆಗೆಯುತ್ತಾ, ಚಾ ಕುಡದ್ರೇನು ಅಂತಷ್ಟೇ ಕೇಳಿದಳು.

ಖೋಲಿಯಲ್ಲಿ ಒಂದು ತಾಟು, ಒಂದು ಲೋಟ, ಒಂದು ಕುರ್ಚಿ. ಬಿಸಿ ರೊಟ್ಟಿ ಬಡಿದು ತಾಟನ್ನು ನನಗೆ ಕೊಟ್ಟು ತಾನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು ಉಂಡಳು. ದಿನಾ ಸಂಜೆ ಊಟ ಆತು ಅನ್ನುತ್ತಿದ್ದಳಲ್ಲ, ಆ ಊಟ ಇಲ್ಲಿ, ಈ ಗೋಡೆಗೆ ಮುಖ ಮಾಡಿ ಆಗುತ್ತಿತ್ತು. ಮನೆ ಖಾಲಿ ಅಂತ ನಾನು ಅಷ್ಟೊಂದು ಬರೆದಿದ್ದೆ. ಇವಳಿಗೆ ಹಚ್ಚಿ ಆರಿಸಲು ಮಿಕ್ಸರ್ ಕೂಡ ಇರಲಿಲ್ಲ. ಮುರಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಖಾರ ಹೆಚ್ಚಾತೇನು ಅಂದಳು. ಹೌದು ಅಂದೆ.

ಉಂಡ ಮೇಲೆ ಲ್ಯಾಪ್‌ಟಾಪ್ ತೆಗೆದು ನನ್ನ ರಿಪೇರಿ ಪರೀಕ್ಷೆ ಮಾಡಿದಳು. ಎಂಟರ್ ಬಟನ್ ಸಲೀಸಾಗಿ ಎಬ್ಬಿಸಿದಳು. ರಬ್ಬರ್ ಎತ್ತಿ ನೋಡಿದಳು. ಒಂದು ಕ್ಷಣ ನೋಡುತ್ತಲೇ ಇದ್ದಳು. ಸರಿಯಾದ ರಬ್ಬರ್ ತರಿಸಿ ಹಾಕೋಣ ಅನ್ನುತ್ತಾಳೇನೋ ಅಂದುಕೊಂಡೆ. ಇದ್ದದ್ದನ್ನು ಇದ್ದಂತೆಯೇ ಇಟ್ಟು, ಬಟನ್ ಕೂಡಿಸಿ ನನ್ನ ಕೈಗೆ ಕೊಟ್ಟಳು. ಈ ಅಂಕಣ ಅದೇ ಬಟನ್ನಿನಿಂದ ಬರೆಯುತ್ತಿದ್ದೇನೆ. ಪ್ಯಾರಾಗಳು ಬಂದಿವೆ, ನೋಡಿ.

ಗುರುವಾರ ಬೆಳಿಗ್ಗೆ ನನಗೆ ಹತ್ತಕ್ಕೆ ಕ್ಲಾಸು. ಮೊದಲ ಬಸ್ಸು. ಬೇಡವೆಂದರೂ ಸ್ಟ್ಯಾಂಡಿನವರೆಗೆ ಬಂದಳು. ನಾನು ಕಿಟಕಿಯ ಸೀಟಿನಲ್ಲಿ ಕೂತೆ, ಅವಳು ಕೆಳಗೆ ನಿಂತಳು. ಪ್ರತಿ ಸೋಮವಾರ ಕೆಳಗೆ ನಿಂತು ಕೈಯಾಡಿಸಿ ಮನೆಗೆ ಹೋಗುವವನು ನಾನು. ಬಸ್ಸಿನ ಒಳಗಿನಿಂದ ಅದು ಹೇಗೆ ಕಾಣುತ್ತದೆ ಅಂತ ಗೊತ್ತಿರಲಿಲ್ಲ. ಬಸ್ಸು ತಿರುಗಿತು. ಅವಳು ಸೆರಗು ಸರಿ ಮಾಡಿಕೊಂಡು ಅಲ್ಲೇ ನಿಂತಿದ್ದಳು, ಕಾಣದಾಗುವವರೆಗೆ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಡ್ರೈವರು, ಕಂಡಕ್ಟರು ಚಾ ಕುಡಿಯಲು ಇಳಿದರು. ನನ್ನ ಕಿಟಕಿಯ ಪಕ್ಕಕ್ಕೇ ಇನ್ನೊಂದು ಬಸ್ಸು ಬಂದು ನಿಂತಿತು. ಸಿಂಧನೂರಿನಿಂದ ಬಂದದ್ದು, ಲಿಂಗಸುಗೂರಿಗೆ ಹೋಗುವುದು. ಎರಡು ಬಸ್ಸಿನ ನಡುವೆ ಒಬ್ಬ ಮನುಷ್ಯ ದಾಟುವಷ್ಟು ಜಾಗ. ಸೀಟುಗಳೂ ಖಾಲಿ ಇದ್ದವು. ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ ಕೂಡ. ಆಮೇಲೆ ಕ್ಲಾಸಿನ ನೆನಪಾಗಿ ಕೂತೆ.

ಕೂತು ಅವಳಿಗೆ ಫೋನ್ ಹಚ್ಚಿದೆ. ಸೋಮವಾರ ಮುಂಜಾನೆ ಬಸ್ಸು ಮಸ್ಕಿಯಲ್ಲಿ ಹೀಗೆ ನಿಲ್ಲುತ್ತದಲ್ಲ, ಆಗ ನೀನು ಏನು ಮಾಡುತ್ತೀ ಅಂತ ಕೇಳಿದೆ.

"ಬಾಜೂಕ ಸಿಂಧನೂರಿಗೆ ಹೋಗೋ ಬಸ್ಸು ನಿಂತಿರತೈತಲ್ರಿ, ಅದನ್ನ ನೋಡ್ಕೋತ ಕುಂದರ್ತೀನಿ," ಅಂದಳು. "ಅದು ಹೋಗೋ ತನಕ."